ಸ್ತನ ಕ್ಯಾನ್ಸರ್: ಚಿಕಿತ್ಸೆಯನ್ನು ನಡುವೆ ಬಿಡಬೇಡಿ



ನಸುಕಿನಲ್ಲಿ ಎಮ್ಮೆಯ ಕೆಚ್ಚಲಿಗೆ ಕೈ ಹಾಕಿದ ಕೂಡಲೇ ಒಂದು ಭಾಗ ಗಟ್ಟಿಯಾಗಿದೆಯೇ, ಬಿಸಿಯಾಗಿದೆಯೇ, ಹಾಲಿನಲ್ಲಿ ಗರಣೆ ಬರುತ್ತಿದೆಯೇ ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಕತ್ತಲಲ್ಲಿಯೇ ಹೇಳಬಲ್ಲರು. ಕೆಚ್ಚಲು ಬಾವನ್ನು ಪಶು ವೈದ್ಯರಿಗಿಂತ ಮೊದಲು ಪತ್ತೆ ಹಚ್ಚುವುದು ಅವರ ಕೈಯೇ. ಆದರೆ ಅದೇ ಕೈಗೆ ತನ್ನ ಎದೆಯಲ್ಲಿ ಕಡಲೆಯಷ್ಟು ಗಂಟು ಹತ್ತಿದರೆ "ನೋಯುವುದಿಲ್ಲವಲ್ಲ, ಇರಲಿ ಬಿಡು" ಎಂದು ಸುಮ್ಮನಾಗುತ್ತಾರೆ. ಕಡಲೆಯಷ್ಟಿದ್ದದ್ದು ಅಡಿಕೆಯಷ್ಟಾದ ಮೇಲೂ ಗಂಡನಿಗೆ ಹೇಳಿರುವುದಿಲ್ಲ.

ಮೋಸವಾಗುವುದು ಇಲ್ಲಿಯೇ. ಕೆಚ್ಚಲು ಬಾವು ನೋಯುತ್ತದೆ, ಸುಡುತ್ತದೆ. ಸ್ತನ ಕ್ಯಾನ್ಸರಿನ ಗಂಟು ಹೆಚ್ಚಾಗಿ ನೋಯುವುದೇ ಇಲ್ಲ. ಗಂಟಿನ ಜೊತೆಗೆ ಚರ್ಮ ಒಳಗೆ ಎಳೆದಂತಾಗುವುದು, ಕಿತ್ತಳೆ ಸಿಪ್ಪೆಯಂತೆ ಆಗುವುದು, ತೊಟ್ಟು ಒಳಸೇರುವುದು, ತೊಟ್ಟಿನಿಂದ ರಕ್ತದ ಬಣ್ಣದ ನೀರು ಬರುವುದು, ಕಂಕುಳಲ್ಲಿ ಗಡ್ಡೆ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ತೋರಿಸಬೇಕು. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದು ನಿಜ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಲು ಬರುವುದಿಲ್ಲ.

ಭಾರತದ ಹೆಣ್ಣುಮಕ್ಕಳಲ್ಲಿ ಇಂದು ಅತಿ ಹೆಚ್ಚು ಕಂಡುಬರುವ ಕ್ಯಾನ್ಸರ್ ಇದೇ. 2018 ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೆಕ್ಕ ಪ್ರಕಟವಾಯಿತು. 2010 ರಿಂದ 2014 ರ ಅವಧಿಯಲ್ಲಿ ಈ ಬೇನೆ ಪತ್ತೆಯಾದವರಲ್ಲಿ ಐದು ವರ್ಷ ದಾಟಿದವರು ಅಮೆರಿಕದಲ್ಲಿ ನೂರಕ್ಕೆ 90, ಭಾರತದಲ್ಲಿ 66. ಔಷಧ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ತಡವಾಗಿ ಬರುತ್ತಾರೆ, ಬಂದವರಲ್ಲಿಯೂ ಕೆಲವರು ಅರ್ಧಕ್ಕೇ ಬಿಡುತ್ತಾರೆ. ಬೇಗ ತೋರಿಸಿರಿ ಎಂದು ಹೇಳುವವರು ಈಗ ಸಾಕಷ್ಟು ಜನ ಇದ್ದಾರೆ. ಆದ್ದರಿಂದ ಈ ಲೇಖನದಲ್ಲಿ ಹೆಚ್ಚಾಗಿ ಎರಡನೆಯ ಮಾತನ್ನೇ ಬರೆಯುತ್ತೇನೆ. ಚಿಕಿತ್ಸೆ ಎಂದರೆ ಏನೇನು, ಎಷ್ಟು ದಿನ, ಆ ದಿನಗಳಲ್ಲಿ ಮನೆ ಮತ್ತು ದನಕರುಗಳ ವ್ಯವಸ್ಥೆ ಹೇಗೆ ಎಂಬುದು ಮೊದಲೇ ಗೊತ್ತಿದ್ದರೆ ಅರ್ಧಕ್ಕೆ ಬಿಡುವ ಪ್ರಸಂಗ ಕಡಿಮೆಯಾಗುತ್ತದೆ.

ಸೂಜಿಯ ಭಯ

ಮೊದಲು ಸ್ಕ್ಯಾನಿಂಗ್ ಮತ್ತು ಮ್ಯಾಮೊಗ್ರಾಮ್ ಎಂಬ ಎದೆಯ ಎಕ್ಸ್‌ರೇ ಮಾಡುತ್ತಾರೆ. ಬಳಿಕ ದಪ್ಪ ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದಕ್ಕೆ ಬಯಾಪ್ಸಿ ಎನ್ನುತ್ತಾರೆ. "ಸೂಜಿ ಚುಚ್ಚಿದರೆ ಗಂಟು ಕೆರಳಿ ಮೈತುಂಬ ಹರಡುತ್ತದೆ" ಎಂಬ ಮಾತು ನಮ್ಮ ಕಡೆ ಬಹಳ ಹಬ್ಬಿದೆ. ಇದು ಸುಳ್ಳು. ಈ ಪರೀಕ್ಷೆ ಇಲ್ಲದೆ ಯಾವ ಔಷಧ ಕೊಡಬೇಕೆಂಬುದೇ ತಿಳಿಯುವುದಿಲ್ಲ. ಯಾಕೆಂದರೆ ಸ್ತನ ಕ್ಯಾನ್ಸರ್ ಒಂದೇ ಜಾತಿಯದಲ್ಲ. ಕೆಲವು ಗಂಟುಗಳು ಹೆಣ್ಣಿನ ಹಾರ್ಮೋನಿನ ಬಲದಿಂದ ಬೆಳೆಯುತ್ತವೆ, ಕೆಲವಕ್ಕೆ ಹರ್-2 ಎಂಬ ಗುಣವಿರುತ್ತದೆ, ಕೆಲವಕ್ಕೆ ಎರಡೂ ಇರುವುದಿಲ್ಲ. ಮುಂದಿನ ಐದು ವರ್ಷದ ಔಷಧ ಈ ಕಾಗದದ ಮೇಲೆಯೇ ನಿಂತಿರುತ್ತದೆ. ಆ ವರದಿಯನ್ನು ಝೆರಾಕ್ಸ್ ಮಾಡಿಸಿ ಎರಡು ಕಡೆ ಇಡಿ.

ಮಲೆನಾಡಿನ ಕಡೆ ತೊಗಟೆ ಔಷಧಿಗಾಗಿ ಸರದಿ ನಿಲ್ಲುವವರಲ್ಲಿ ನಮ್ಮ ಹಾನಗಲ್ಲ, ಹಿರೇಕೆರೂರು ಭಾಗದವರೂ ಇದ್ದಾರೆ. ನಂಬಿಕೆಯ ವಿಷಯದಲ್ಲಿ ನಾನು ಜಗಳವಾಡುವುದಿಲ್ಲ. ಆದರೆ ಅದಕ್ಕಾಗಿ ಆಸ್ಪತ್ರೆಯನ್ನು ಮೂರು ತಿಂಗಳು ಮುಂದೆ ಹಾಕಕೂಡದು. ಕೀಮೋ ನಡೆದಿರುವಾಗ ಕಷಾಯ, ಪುಡಿ ಏನೇ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರರ ಮುಂದೆ ಮುಚ್ಚಿಡಕೂಡದು. ಕೆಲವು ಬೇರು ತೊಗಟೆಗಳು ಯಕೃತ್ತಿಗೆ ಭಾರವಾಗುತ್ತವೆ.

ದಾರಿ ಮತ್ತು ದುಡ್ಡು

ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಥೆರಪಿ ಮತ್ತು ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ. ನಮ್ಮ ಜನ ಅದನ್ನು ನವನಗರದ ಕ್ಯಾನ್ಸರ್ ಆಸ್ಪತ್ರೆ ಎಂದೇ ಕರೆಯುವುದು. ಬೆಂಗಳೂರಿನಲ್ಲಿ 1973 ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆ ಇದೆ. ಶಿಗ್ಗಾವಿ ಹೆದ್ದಾರಿಯ ಮೇಲೆಯೇ ಇರುವುದರಿಂದ ಅಲ್ಲಿನವರಿಗೆ ಹುಬ್ಬಳ್ಳಿ ಸುಲಭ. ಸವಣೂರು, ಹಾನಗಲ್ಲಿನವರು ಬೆಳಗಿನ ಬಸ್ಸಿಗೆ ಹೊರಟರೆ ಸಂಜೆಗೆ ಮರಳಬಹುದು. ಹಿರೇಕೆರೂರಿನವರಿಗೆ ಮಾತ್ರ ಹುಬ್ಬಳ್ಳಿ ದೂರ, ದಾವಣಗೆರೆ, ಶಿವಮೊಗ್ಗ ಹತ್ತಿರ. ಎಲ್ಲಿಗೇ ಹೋಗಿ, ಶಸ್ತ್ರಚಿಕಿತ್ಸೆ ಒಂದು ಊರಲ್ಲಿ, ಕೀಮೋ ಇನ್ನೊಂದು ಊರಲ್ಲಿ, ಕಾಗದಪತ್ರ ಮೂರನೆಯ ಊರಲ್ಲಿ ಎಂದು ಮಾಡಿಕೊಳ್ಳಬೇಡಿ. 2025 ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲಿನಲ್ಲಿಯೇ ಕೀಮೋ ಕೊಟ್ಟು ಕಳಿಸುವ ಕೇಂದ್ರಗಳನ್ನು ಆರಂಭಿಸಿತು. ಮೊದಲ ಸರದಿ ದೊಡ್ಡ ಆಸ್ಪತ್ರೆಯಲ್ಲಿ ಆದ ಮೇಲೆ ಉಳಿದವನ್ನು ಹತ್ತಿರದಲ್ಲಿ ಪಡೆಯಬಹುದೇ ಎಂದು ನಿಮ್ಮ ಡಾಕ್ಟರರನ್ನೇ ಕೇಳಿ.

2023 ರ ಜೂನ್ 11 ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ರೋಗಿಯ ಜೊತೆಗೆ ಅಕ್ಕನೋ ವೈನಿಯೋ ಹೋದರೆ ಇಬ್ಬರದೂ ಉಳಿಯುತ್ತದೆ. ಗುರುತಿನ ಚೀಟಿ ಮರೆಯಬಾರದು. ಬೆಂಗಳೂರಿಗೆ ಹೋಗುವವರಿಗೆ ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಇದೆ. ಆಸ್ಪತ್ರೆಯವರು ರೈಲ್ವೆಯ ನಮೂನೆಯಲ್ಲಿ ಪ್ರಮಾಣಪತ್ರ ಬರೆದುಕೊಡಬೇಕು.

ಚಿಕಿತ್ಸೆಯ ಖರ್ಚಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇಕಡಾ 30 ರಷ್ಟು, ಒಟ್ಟು 1.5 ಲಕ್ಷದವರೆಗೆ. ಇಲ್ಲಿ ಎಡವುವುದು ಒಂದೇ ಕಡೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ದುಡ್ಡು ಕಟ್ಟಿಬಿಡುತ್ತಾರೆ, ಆಮೇಲೆ ಯೋಜನೆಯ ನೆನಪಾಗುತ್ತದೆ. ಮೊದಲು ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಶಿಫಾರಸು ಪತ್ರ, ನಂತರ ದೊಡ್ಡ ಆಸ್ಪತ್ರೆಯಲ್ಲಿ ಕೂರುವ ಆರೋಗ್ಯ ಮಿತ್ರರ ಭೇಟಿ. ಈ ಕ್ರಮ ತಪ್ಪಬಾರದು. ಸಹಕಾರಿಗಳಿಗಾಗಿಯೇ 2003 ರಲ್ಲಿ ಶುರುವಾದ ಯಶಸ್ವಿನಿ ಯೋಜನೆ 2018 ರಲ್ಲಿ ನಿಂತು, 2023 ರ ಜನವರಿ 1 ರಿಂದ ಮತ್ತೆ ಜಾರಿಗೆ ಬಂದಿದೆ. ಮರುಜಾರಿಯಾದಾಗ ಗ್ರಾಮೀಣ ಸದಸ್ಯನ ನಾಲ್ಕು ಜನರ ಕುಟುಂಬಕ್ಕೆ ವಂತಿಗೆ 500 ರೂಪಾಯಿ ಇತ್ತು. ನೋಂದಣಿಗೆ ಗಡುವು ಇರುತ್ತದೆ. ಬೇನೆ ಬಂದ ಮೇಲೆ ಸಂಘದ ಕಾರ್ಯದರ್ಶಿಯ ಮನೆಗೆ ಓಡುವುದಕ್ಕಿಂತ ಗಡುವಿನೊಳಗೆ ಹೆಸರು ಬರೆಸಿರಿ.

ಶಸ್ತ್ರಚಿಕಿತ್ಸೆ

ಕೆಲವರಿಗೆ ಮೊದಲು ಶಸ್ತ್ರಚಿಕಿತ್ಸೆ, ಗಂಟು ದೊಡ್ಡದಿದ್ದವರಿಗೆ ಮೊದಲು ಕೀಮೋ ಕೊಟ್ಟು ಗಂಟು ಸಣ್ಣದಾದ ಮೇಲೆ ಶಸ್ತ್ರಚಿಕಿತ್ಸೆ. ಕ್ರಮ ಬೇರೆಯಾದರೆ ಹೆದರಬೇಕಿಲ್ಲ.

1894 ರಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ಎದೆಯ ಜೊತೆಗೆ ಕೆಳಗಿನ ಮಾಂಸಖಂಡ, ಕಂಕುಳ ಎಲ್ಲವನ್ನೂ ತೆಗೆಯುವ ಪದ್ಧತಿಯನ್ನು ವಿವರಿಸಿ ಬರೆದರು. ಮುಂದೆ ಏಳೆಂಟು ದಶಕ ಜಗತ್ತೆಲ್ಲ ಅದೇ ನಡೆಯಿತು. ಜೀವ ಉಳಿದರೂ ಕೈ ಎತ್ತಲು ಬರುತ್ತಿರಲಿಲ್ಲ. 1985 ರಲ್ಲಿ ಬರ್ನಾರ್ಡ್ ಫಿಶರ್ ಎಂಬ ವೈದ್ಯರು, ಗಂಟು ಮಾತ್ರ ತೆಗೆದು ನಂತರ ವಿಕಿರಣ ಕೊಟ್ಟವರೂ ಇಡೀ ಎದೆ ತೆಗೆಸಿಕೊಂಡವರಷ್ಟೇ ಕಾಲ ಬದುಕುತ್ತಾರೆ ಎಂದು ಸಾವಿರಾರು ಹೆಣ್ಣುಮಕ್ಕಳ ಲೆಕ್ಕ ಇಟ್ಟು ತೋರಿಸಿದರು. ಆದ್ದರಿಂದ ಗಂಟು ಸಣ್ಣದಿದ್ದಾಗ "ಎದೆ ಉಳಿಸಲು ಬರುತ್ತದೆಯೇ?" ಎಂದು ಕೇಳುವುದು ನಿಮ್ಮ ಹಕ್ಕು. ಆದರೆ ಉಳಿಸಿದರೆ ವಿಕಿರಣ ತಪ್ಪಿಸಲು ಬರುವುದಿಲ್ಲ.

ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ಕಂಕುಳ ಹತ್ತಿರ ಒಂದು ನಳಿಕೆ ಮತ್ತು ನೀರು ಸಂಗ್ರಹವಾಗುವ ಡಬ್ಬಿ ಒಂದೆರಡು ವಾರ ಇರುತ್ತದೆ. ದಿನಾ ಎಷ್ಟು ಬಂತು ಎಂದು ಬರೆದಿಡಬೇಕು. ಸಂಘದಲ್ಲಿ ಲೀಟರ್ ಲೆಕ್ಕ ಇಡುವ ನಮಗೆ ಇದು ಕಷ್ಟವಲ್ಲ. ಕೈಯನ್ನು ಕಟ್ಟಿಹಾಕಿದಂತೆ ಎದೆಗೆ ಒತ್ತಿ ಇಟ್ಟುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಕಲಿಸಿದಂತೆ ಗೋಡೆಯ ಮೇಲೆ ಬೆರಳು ನಡೆಸುತ್ತ ದಿನಕ್ಕೆ ಸ್ವಲ್ಪ ಸ್ವಲ್ಪ ಮೇಲೆ ಒಯ್ಯಬೇಕು. ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದುಕೊಂಡರೆ ನಿನ್ನೆಗಿಂತ ಇವತ್ತು ಎಷ್ಟು ಮೇಲೆ ಹೋಯಿತು ಎಂದು ತಿಳಿಯುತ್ತದೆ.

ಕೀಮೋ: ಹೆಚ್ಚು ಜನ ಬಿಡುವುದು ಇಲ್ಲಿಯೇ

ಕೀಮೋ ಎಂದರೆ ಸಲೈನ್ ಮೂಲಕ ಕೊಡುವ ಔಷಧ. ಎಲ್ಲರಿಗೂ ಬೇಕಾಗುವುದಿಲ್ಲ. ಬೇಕಾದವರಿಗೆ ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ಆರರಿಂದ ಎಂಟು ಸರದಿ. ಅಂದರೆ ಸುಮಾರು ನಾಲ್ಕೈದು ಆರು ತಿಂಗಳು. ಒಂದು ಔಷಧ ಕುಂಕುಮದ ನೀರಿನಂತೆ ಕೆಂಪಗಿರುತ್ತದೆ. ಅದು ಹೋದ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ, ರಕ್ತವೆಂದು ಗಾಬರಿಯಾಗಬಾರದು. ಮೊದಲ ಸರದಿಯಾದ ಎರಡು ಮೂರು ವಾರಕ್ಕೆ ತಲೆಗೂದಲು ಉದುರುತ್ತದೆ. ಚಿಕಿತ್ಸೆ ಮುಗಿದ ಮೇಲೆ ಮರಳಿ ಬರುತ್ತದೆ. ವಾಕರಿಕೆ, ಬಾಯಿಹುಣ್ಣು, ಸುಸ್ತು ಇರುತ್ತವೆ. ವಾಂತಿ ತಡೆಯುವ ಮಾತ್ರೆಗಳು ಈಗ ಬಹಳ ಚೆನ್ನಾಗಿವೆ, ಆಗದಿದ್ದರೆ ಬಾಯಿಬಿಟ್ಟು ಹೇಳಬೇಕು.

ಎರಡು ಸರದಿಗೆ ಗಂಟು ಕರಗಿದಂತೆ ಕಾಣುತ್ತದೆ. "ಆರಾಮ ಆತಲ್ಲ, ಇನ್ಯಾಕ ಆ ತ್ರಾಸು?" ಎಂದು ಮನೆಯವರೇ ಬಿಡಿಸಿದ್ದನ್ನು ನಾನು ನೋಡಿದ್ದೇನೆ. ಕೆಚ್ಚಲು ಬಾವಿಗೆ ಮೂರು ದಿನ ಟ್ಯೂಬ್ ಹಾಕಬೇಕೆಂದಲ್ಲಿ ಒಂದು ದಿನ ಹಾಕಿ, ಹಾಲು ತಿಳಿಯಾಯಿತೆಂದು ಬಿಟ್ಟರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಕಣ್ಣಿಗೆ ಕಾಣದೆ ಉಳಿದದ್ದೇ ಮರಳಿ ಬರುತ್ತದೆ. ದನದ ಒಂದು ಕೆಚ್ಚಲು ಭಾಗ ಹೋದರೆ ಮೂರು ಉಳಿಯುತ್ತವೆ. ಮನೆಯ ಹೆಣ್ಣುಮಗಳಿಗೆ ಆ ಲೆಕ್ಕ ಇಲ್ಲ.

ಇನ್ನು ಹೈನುಗಾರರು ಮಾತ್ರ ಲಕ್ಷ್ಯ ಕೊಡಬೇಕಾದ ಒಂದು ಸಂಗತಿ ಇದೆ. ಆಸ್ಪತ್ರೆಯಲ್ಲಿ "ಸ್ವಚ್ಛವಾಗಿರಿ" ಎಂದಷ್ಟೇ ಹೇಳಿ ಕಳಿಸುತ್ತಾರೆ, ನಮ್ಮ ಮನೆಯ ಹಿಂದೆ ದನದ ಕೊಟ್ಟಿಗೆ ಇದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಕೀಮೋ ಕೊಟ್ಟ ಒಂದು ವಾರದಿಂದ ಎರಡು ವಾರದ ನಡುವೆ ರಕ್ತದಲ್ಲಿನ ಬಿಳಿ ಕಣಗಳು ಬಹಳ ಇಳಿದಿರುತ್ತವೆ, ರೋಗ ತಡೆಯುವ ಶಕ್ತಿ ಇರುವುದಿಲ್ಲ. ಆ ತಿಂಗಳುಗಳಲ್ಲಿ ಹೆಂಡಿ ಬಳಿಯುವುದು, ತಿಪ್ಪೆಗೆ ಹಾಕುವುದು, ಬೂಸು ಹಿಡಿದ ಕಣಿಕೆ ಕೆದರುವುದು ಆಕೆಯಿಂದ ಬೇಡ. ಎಮ್ಮೆ ಈಯುವಾಗ ಕರು ಎಳೆಯುವುದು, ಮಾಸು ತೆಗೆಯುವುದಂತೂ ಕೂಡಲೇ ಕೂಡದು. ಕಂದು ಹಾಕಿದ ರಾಸಿನ ಹತ್ತಿರವೂ ಸುಳಿಯಬಾರದು. ಬ್ರುಸೆಲ್ಲಾ ಎಂಬ ಗರ್ಭಪಾತದ ರೋಗ ಮನುಷ್ಯರಿಗೂ ಹತ್ತುತ್ತದೆ, ಗಟ್ಟಿ ಆಳನ್ನೂ ತಿಂಗಳುಗಟ್ಟಲೆ ಜ್ವರದಲ್ಲಿ ಕೆಡವುತ್ತದೆ. ಹಸಿ ಹಾಲು ಕುಡಿಯಬಾರದು. ಉಕ್ಕಿ ಬರುವಂತೆ ಕಾಯಿಸಿದ ಹಾಲು, ಅದರ ಮೊಸರು ಧಾರಾಳವಾಗಿ ಕೊಡಿ. ಕ್ಯಾನ್ಸರ್ ಬಂದವರಿಗೆ ಹಾಲು ಪಥ್ಯ ಎಂಬುದಕ್ಕೆ ಆಧಾರವಿಲ್ಲ. ತತ್ತಿ, ಬೇಳೆ, ಮೊಳಕೆ ಕಾಳನ್ನು ಬೇಯಿಸಿ ಕೊಡಬೇಕು. ಬರೀ ಗಂಜಿ ಕುಡಿಸಿ ಬಡಕಲು ಮಾಡಿದರೆ ಮುಂದಿನ ಸರದಿ ತಡೆದುಕೊಳ್ಳುವುದಿಲ್ಲ.

ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬಾರದು. ಅಂದೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು. ಕೀಮೋ ಚೀಟಿ ಜೊತೆಗಿರಲಿ.

ಎಮ್ಮೆ ಬೇರೆಯವರ ಕೈಗೆ ಬರಬೇಕು

"ನನ್ನ ಬಿಟ್ಟು ಮತ್ಯಾರಿಗೂ ಹಿಂಡಗೊಡಂಗಿಲ್ರಿ ಅದು" ಎಂದು ಹೇಳಿ ಮೂರನೆಯ ಸರದಿಯ ಬಸ್ಸು ತಪ್ಪಿಸಿದ ತಾಯಿಯೊಬ್ಬರು ಶಿಗ್ಗಾವಿ ತಾಲೂಕಿನ ಹಳ್ಳಿಯಲ್ಲಿ ಸಿಕ್ಕಿದ್ದರು. ನಗುವ ಮಾತಲ್ಲ. ಒಂದೇ ಕೈಗೆ ರೂಢಿಯಾದ ಎಮ್ಮೆ ಸೊರೆ ಬಿಡುವುದಿಲ್ಲ, ಎರಡು ದಿನ ಹಾಲು ಕಡಿಮೆಯಾದರೆ ಮನೆಯ ಸಂತೆಯೇ ಏರುಪೇರಾಗುತ್ತದೆ. ಆದ್ದರಿಂದ ಬಯಾಪ್ಸಿ ವರದಿಗೆ ಕಾಯುವ ವಾರದಲ್ಲಿಯೇ ಎರಡನೆಯ ಕೈಯನ್ನು ತಯಾರು ಮಾಡಿ. ಗಂಡನೋ ಮಗನೋ ಸೊಸೆಯೋ ನಾಲ್ಕು ದಿನ ಆಕೆಯ ಪಕ್ಕ ಕೂಡಬೇಕು, ನಂತರ ಆಕೆ ಪಕ್ಕ ಕೂತು ಅವರು ಹಿಂಡಬೇಕು, ಆಮೇಲೆ ಆಕೆ ದೂರ ಸರಿಯಬೇಕು. ಆಕೆಯ ಹಳೆಯ ಸೀರೆ ಹೊದ್ದು ಕೂಡುವ ನಮ್ಮ ಹಿರಿಯರ ಉಪಾಯವನ್ನು ಬಳಸಲು ಗಂಡಸರು ನಾಚಬೇಕಾಗಿಲ್ಲ, ಎಮ್ಮೆಗೆ ವಾಸನೆಯೇ ಗುರುತು. ಹಿಂಡಿ ತಿನ್ನುವ ಹೊತ್ತು, ಹಿಂಡುವ ಹೊತ್ತು ಬದಲಿಸಬೇಡಿ. ಮೂರ್ನಾಲ್ಕು ರಾಸು ಇದ್ದಲ್ಲಿ ಬತ್ತುವ ಹಂತದ್ದನ್ನು ಸ್ವಲ್ಪ ಬೇಗ ಬತ್ತಿಸಿ ಕೆಲಸ ಇಳಿಸಿಕೊಳ್ಳಬಹುದು. ಚಿಕಿತ್ಸೆಗೆಂದು ಇದ್ದ ಎಮ್ಮೆಗಳನ್ನೆಲ್ಲ ಗಾಬರಿಯಲ್ಲಿ ಮಾರಿದವರು ವರ್ಷದ ನಂತರ ಅದೇ ದರಕ್ಕೆ ಕೊಳ್ಳಲಾಗದೆ ಕೈಚೆಲ್ಲಿದ್ದುಂಟು.

ಸದಸ್ಯತ್ವ ಆಕೆಯ ಹೆಸರಿನಲ್ಲಿದ್ದರೆ ಮನೆಯವರು ಆಕೆಯ ಹೆಸರಿಗೇ ಹಾಲು ಹಾಕುತ್ತಿರಲಿ. ವರ್ಷಕ್ಕೆ ಇಷ್ಟು ದಿನ ಹಾಲು ಹಾಕಬೇಕೆಂಬ ಉಪನಿಯಮದಲ್ಲಿ ಆಕೆಯ ಮತದ ಹಕ್ಕು, ಬೋನಸ್ಸು ಹೋಗಬಾರದು. ಇದನ್ನು ಕಾರ್ಯದರ್ಶಿಗಳು ತಾವಾಗಿಯೇ ನೆನಪಿಸಬೇಕು. ಇನ್ನೊಂದು ಮಾತು. ಕ್ಯಾನ್ಸರ್ ಅಂಟುರೋಗವಲ್ಲ. ಒಂದೇ ತಾಟಿನಲ್ಲಿ ಉಂಡರೂ, ಮೊಮ್ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡರೂ ಹತ್ತುವುದಿಲ್ಲ. ಆ ಮನೆಯ ಕ್ಯಾನನ್ನು ಸಂಘದಲ್ಲಿ ಬೇರೆ ಇಡುವುದು ಅನ್ಯಾಯ.

ವಿಕಿರಣ ಮತ್ತು ಮಾತ್ರೆ

ವಿಕಿರಣ ಚಿಕಿತ್ಸೆಯನ್ನು ಜನ "ಕರೆಂಟ್ ಕೊಡುವುದು" ಎನ್ನುತ್ತಾರೆ. ಕರೆಂಟೂ ಅಲ್ಲ, ಸುಡುವುದೂ ಇಲ್ಲ, ಎಕ್ಸ್‌ರೇ ತೆಗೆಸಿಕೊಂಡಂತೆ ಕೆಲವು ನಿಮಿಷ ಮಲಗಬೇಕು. ವಾರಕ್ಕೆ ಐದು ದಿನದಂತೆ ಮೂರು ವಾರ, ಕೆಲವರಿಗೆ ಐದು ವಾರ. ಕೊನೆ ಕೊನೆಗೆ ಚರ್ಮ ಕಪ್ಪಾಗಿ ಉರಿಯಬಹುದು. ಮೈಮೇಲೆ ಹಾಕಿದ ಗುರುತನ್ನು ತಿಕ್ಕಿ ತೊಳೆಯಬಾರದು. ದಿನವೂ ಹೋಗಿಬರುವುದು ಹಿರೇಕೆರೂರು, ಹಾನಗಲ್ಲಿನವರಿಗೆ ಆಗದ ಮಾತು, ಆ ಮೂರು ವಾರ ಆಸ್ಪತ್ರೆಯ ಊರಲ್ಲಿ ನೆಂಟರ ಮನೆಯನ್ನೋ ಧರ್ಮಶಾಲೆಯನ್ನೋ ಮೊದಲೇ ನೋಡಿಡಿ. ಸೋಯಾ ಬಿತ್ತನೆ, ಗೋವಿನಜೋಳದ ಕಟಾವು ಎಂದು ನಡುವೆ ನಾಲ್ಕು ದಿನ ಊರಿಗೆ ಬಂದರೆ ಆ ನಾಲ್ಕು ದಿನ ಗಂಟಿಗೆ ರಜೆ ಕೊಟ್ಟಂತೆ.

ಹಾರ್ಮೋನ್ ಗುಣದ ಗಂಟು ಇದ್ದವರಿಗೆ ದಿನಕ್ಕೊಂದು ಮಾತ್ರೆ ಐದು ವರ್ಷ, ಕೆಲವರಿಗೆ ಹತ್ತು ವರ್ಷ. ಮುಟ್ಟು ನಿಲ್ಲದವರಿಗೆ ಸಾಮಾನ್ಯವಾಗಿ ಟ್ಯಾಮಾಕ್ಸಿಫೆನ್, ನಿಂತವರಿಗೆ ಹೆಚ್ಚಾಗಿ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್. ಟ್ಯಾಮಾಕ್ಸಿಫೆನ್ ಹಳೆಯ ಔಷಧ, ಬ್ರಿಟನ್ನಿನಲ್ಲಿ 1973 ರಿಂದ ಬಳಕೆಯಲ್ಲಿದೆ, ದರವೂ ಕಡಿಮೆ. ಮಾತ್ರೆ ಸಣ್ಣದು, ದರ ಕಡಿಮೆ, ಬೇನೆ ಕಾಣುತ್ತಿಲ್ಲ. ಆದ್ದರಿಂದಲೇ ಎರಡನೆಯ ವರ್ಷಕ್ಕೆ ಮರೆತುಬಿಡುತ್ತಾರೆ. ಮೈ ಬಿಸಿಯೇರಿ ಬೆವರುವುದು ಸಾಮಾನ್ಯ. ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೆ, ಒಂದು ಕಾಲು ಬಾತು ನೋಯುತ್ತಿದ್ದರೆ ಕೂಡಲೇ ತೋರಿಸಬೇಕು. ಈ ಮಾತ್ರೆಯ ಕಾಲದಲ್ಲಿ ಬಸಿರಾಗಬಾರದು. ಹರ್-2 ಗುಣದ ಗಂಟಿಗೆ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ ಮೂರು ವಾರಕ್ಕೊಮ್ಮೆ ಒಂದು ವರ್ಷ ಬೇಕಾಗುತ್ತದೆ. ಇದು ಬಹಳ ದುಬಾರಿ ಇತ್ತು. 2014 ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಅದೇ ಗುಣದ ಔಷಧವನ್ನು ಇಲ್ಲಿಯೇ ತಯಾರಿಸಿ ಮಾರುಕಟ್ಟೆಗೆ ತಂದ ಮೇಲೆ ದರ ಇಳಿದಿದೆ.

ಕೈಯ ಆರೈಕೆ

ಕಂಕುಳದ ಗಂಟುಗಳನ್ನು ತೆಗೆದ ಬದಿಯ ಕೈಗೆ ಬಾವು ಬರುವ ಸಂಭವ ಜೀವನಪೂರ್ತಿ ಇರುತ್ತದೆ. ಆ ಕೈಗೆ ಮುಳ್ಳು, ಕುಡುಗೋಲಿನ ಗಾಯ, ಉಣ್ಣೆ ಕಡಿತ ಆಗದಂತೆ ನೋಡಿಕೊಳ್ಳಬೇಕು. ಹುಲ್ಲು ಕೊಯ್ಯುವಾಗ ತುಂಬುತೋಳಿನ ಅಂಗಿ ಮತ್ತು ಕೈಚೀಲ ಇರಲಿ. ಗಾಯವಾದರೆ ಸಾಬೂನಿನಿಂದ ತೊಳೆದು ಮುಲಾಮು ಹಚ್ಚಿ. ಕೆಂಪಾಗಿ ಬಿಸಿಯಾದರೆ ತಡಮಾಡದೆ ಆಸ್ಪತ್ರೆಗೆ ತೋರಿಸಿ. ಸೂಜಿ, ರಕ್ತ ತೆಗೆಯುವುದು, ಬಿ.ಪಿ. ನೋಡುವುದು ಸಾಧ್ಯವಾದಷ್ಟು ಇನ್ನೊಂದು ಕೈಗೆ ಮಾಡಿಸಿ. ಬಿಗಿಯಾದ ಬಳೆ ಬೇಡ.

"ಇನ್ನು ಆ ಕೈಯಿಂದ ಕೊಡ ಎತ್ತಲೇಬಾರದು" ಎಂದು ಹಿಂದೆ ಹೇಳುತ್ತಿದ್ದರು. 2009 ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನೋಡಿಕೊಳ್ಳುವವರ ಎದುರು ಹಗುರದಿಂದ ಶುರುಮಾಡಿ ನಿಧಾನವಾಗಿ ಭಾರ ಏರಿಸುತ್ತ ಹೋದವರಿಗೆ ಬಾವು ಹೆಚ್ಚಾಗಲಿಲ್ಲ ಎಂದು ಕಂಡುಬಂತು. ಹಾಗೆಂದು ಮೊದಲ ದಿನವೇ 20 ಲೀಟರಿನ ಕ್ಯಾನಿಗೆ ಕೈ ಹಾಕಬಾರದು. ಡಾಕ್ಟರರು ಒಪ್ಪಿದ ಮೇಲೆ ಮೊದಲು ಒಂದು ತಂಬಿಗೆ, ಆಮೇಲೆ ಅರ್ಧ ಬಿಂದಿಗೆ, ವಾರಕ್ಕೊಂದಿಷ್ಟು ಹೆಚ್ಚು. ಹಾಲು ಹಿಂಡುವುದನ್ನೂ ಹೀಗೆಯೇ ಶುರುಮಾಡಬೇಕು. ಸಲೀಸಾಗಿ ಸೊರೆ ಬಿಡುವ ಒಂದು ಆಕಳು ಮಾತ್ರ, ಎರಡು ಮೊಲೆ ಆಕೆ, ಎರಡು ಮನೆಯವರು. ಕೀಮೋದಿಂದ ಕೆಲವರಿಗೆ ಬೆರಳತುದಿ ಜೋಮು ಹಿಡಿದಂತೆ ಇರುತ್ತದೆ, ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಅಷ್ಟರವರೆಗೆ ಬಿಸಿನೀರಿಗೆ, ಒಲೆಗೆ ಕೈ ಇಡುವಾಗ ಎಚ್ಚರ. ಮುಂಗೈ ಮೇಲೆ ಒಂದು ಗೇಣು ಎತ್ತರದಲ್ಲಿ ದಾರ ಸುತ್ತಿ, ಸುತ್ತಳತೆಗೆ ಗಂಟು ಹಾಕಿ ಮೊಳೆಗೆ ನೇತುಹಾಕಿ. ವಾರಕ್ಕೊಮ್ಮೆ ಅದೇ ಜಾಗಕ್ಕೆ ಸುತ್ತಿ ನೋಡಿದರೆ ಬಾವು ಕಣ್ಣಿಗೆ ಕಾಣುವ ಮೊದಲೇ ದಾರಕ್ಕೆ ತಿಳಿಯುತ್ತದೆ.

ಎದೆ ತೆಗೆಸಿಕೊಂಡವರು ಕುಪ್ಪಸದ ಒಳಗೆ ಹತ್ತಿಯ ಮೆತ್ತೆಯನ್ನು ಸ್ವಲ್ಪ ಭಾರ ಸೇರಿಸಿ ಹೊಲಿದುಕೊಳ್ಳಬಹುದು. ಆಸ್ಪತ್ರೆಯಲ್ಲಿ ತಯಾರಾದದ್ದೂ ಸಿಗುತ್ತದೆ. ಮದುವೆ, ಜಾತ್ರೆಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಇದರಲ್ಲಿ ಗಂಡನ ಪಾಲು ದೊಡ್ಡದು. ಮೊದಲ ಬಾರಿ ಪಟ್ಟಿ ಬಿಚ್ಚುವಾಗ ಹೊರಗೆ ಎದ್ದುಹೋಗದೆ ಹತ್ತಿರ ಕುಳಿತರೆ ಸಾಕು.

ಚಿಕಿತ್ಸೆ ಮುಗಿದ ನಂತರ ಮೊದಲ ಎರಡು ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಬೇಕು, ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್. ಆಕೆಯ ಅಕ್ಕತಂಗಿಯರು, ಹೆಣ್ಣುಮಕ್ಕಳು ಈ ವಿಷಯವನ್ನು ಡಾಕ್ಟರರಿಗೆ ತಿಳಿಸಿ ತಪಾಸಣೆ ಮಾಡಿಸಿಕೊಳ್ಳಲಿ. 30 ದಾಟಿದ ಎಲ್ಲ ಹೆಣ್ಣುಮಕ್ಕಳ ಎದೆಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸುವ ಸರ್ಕಾರದ ಕಾರ್ಯಕ್ರಮ ಊರಿನ ಆರೋಗ್ಯ ಕೇಂದ್ರದಲ್ಲಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುತ್ತಾರೆ. ಹೋಗುವಾಗ ಬಯಾಪ್ಸಿ ವರದಿ, ಕೀಮೋ ಚೀಟಿ, ಹಳೆಯ ಫಿಲ್ಮು ಎಲ್ಲ ಒಂದೇ ಚೀಲದಲ್ಲಿರಲಿ; ಹಾಲಿನ ಪಾಸ್‌ಬುಕ್ ಇಡುವ ಟ್ರಂಕಿನಲ್ಲಿಯೇ ಆ ಚೀಲವನ್ನೂ ಇಟ್ಟರೆ ಹುಡುಕಾಡುವುದು ತಪ್ಪುತ್ತದೆ.